ಆಲೆಮನೆ ಒಲೆಗೆ ಬಿಸಿಲಿನ ನೆರವು

ಮಂಡ್ಯದ ಕಡೆ ಆಲೆಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬೆಲ್ಲ ಅಲ್ಲ, ಅಂಗಳದ ತುಂಬ ಹರಡಿರುವ ಕಬ್ಬಿನ ಸಿಪ್ಪೆ. ಗಾಣದಿಂದ ಆಗತಾನೇ ಬಂದ ಸಿಪ್ಪೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದು ಗರಿಗರಿಯಾಗಿ ಒಣಗಿದ ಮೇಲೆ ಒಲೆಗೆ. ಕಬ್ಬಿನ ಹಾಲು ಕಾಯಿಸಲು ಕಬ್ಬೇ ಸೌದೆ.

ಈ ಸೌದೆ ಸಾಕಾಗುತ್ತದಾ? ಲೆಕ್ಕ ಹಾಕೋಣ. 10 ಕೆಜಿ ಕಬ್ಬು ಅರೆದರೆ ಸುಮಾರು 6 ಕೆಜಿ ಹಾಲು, ಅದರಿಂದ ಹೆಚ್ಚೂಕಮ್ಮಿ 1 ಕೆಜಿ ಬೆಲ್ಲ. ಉಳಿದ 5 ಕೆಜಿ ನೀರು ಆವಿಯಾಗಿ ಹೋಗಬೇಕು. ಅದಕ್ಕೆ ಸುಮಾರು 13 ಮೆಗಾಜೌಲ್ ಶಾಖ ಬೇಕು. ಇತ್ತ 4 ಕೆಜಿ ಹಸಿ ಸಿಪ್ಪೆ ಒಣಗಿದರೆ 2 ಕೆಜಿ ಆಗುತ್ತದೆ. ಅದರಲ್ಲಿ 30 ಮೆಗಾಜೌಲ್‌ಗಿಂತ ಜಾಸ್ತಿ ಶಾಖ ಇದೆ. ಅಂದರೆ ನೂರರಲ್ಲಿ 40 ಪಾಲು ಕೊಪ್ಪರಿಗೆಗೆ ಮುಟ್ಟಿದರೂ ಸಾಕು. ಆದರೆ ಹಳೇ ಒಂಟಿ ಕೊಪ್ಪರಿಗೆ ಒಲೆಗಳು ಅಷ್ಟನ್ನೂ ಮುಟ್ಟಿಸುವುದಿಲ್ಲ. ಆಗ ಹೊರಗಿನಿಂದ ಸೌದೆ ತರಬೇಕು. ಕೆಲವು ಕಡೆ ಹಳೇ ಟೈರನ್ನೂ ಸುಡುತ್ತಾರೆ. ಆ ಹೊಗೆ ಕುಡಿಯುವವರು ಒಲೆ ಮುಂದೆ ಕೂತ ಕೂಲಿಯವರು. ಇದು ನಿಲ್ಲಲೇಬೇಕು.

ಸಿಪ್ಪೆ ಹಸಿಯಿದ್ದರೆ ಏನಾಗುತ್ತದೆ? ಅದರಲ್ಲಿರುವ ನೀರನ್ನು ಆವಿ ಮಾಡಲು ಖರ್ಚಾಗುವ ಶಾಖ ನಿಜಕ್ಕೂ ಕಡಿಮೆ, ಏಳರಲ್ಲಿ ಒಂದು ಪಾಲು ಅಷ್ಟೇ. ದೊಡ್ಡ ನಷ್ಟ ಬೇರೆ ಕಡೆ ಇದೆ. ನೀರಾವಿ ಬೆರೆತು ಉರಿಯ ಬಿಸಿ ಇಳಿಯುತ್ತದೆ. ಉರಿಯಬೇಕಾದ ಅನಿಲ ಉರಿಯದೆ ದಟ್ಟ ಹೊಗೆಯಾಗಿ ಆಚೆ ಹೋಗುತ್ತದೆ. ಆ ಹೊಗೆಯೂ ಸೌದೆಯೇ ಅಲ್ವಾ? ಬಿಸಿಲಿನ ನಾಡಿಗೆ ಇಲ್ಲೊಂದು ಅನುಕೂಲ. ಚಳಿ ದೇಶದವರು ಇಂಧನ ಒಣಗಿಸಲು ಎಷ್ಟೋ ಸಲ ಯಂತ್ರ ಇಡಬೇಕು. ನಮ್ಮಲ್ಲಿ ಅಂಗಳವೇ ಸಾಕು.

ಒಲೆಯಲ್ಲೂ ಮಾಡುವುದು ಬಹಳ ಇದೆ. ಕೊಪ್ಪರಿಗೆ ದಾಟಿ ಹೋಗುವ ಹೊಗೆ ಇನ್ನೂ ನೂರಾರು ಡಿಗ್ರಿ ಬಿಸಿ ಇರುತ್ತದೆ. ಅದೇ ದಾರಿಯಲ್ಲಿ ಎರಡು, ಮೂರು ಕೊಪ್ಪರಿಗೆ ಸಾಲಾಗಿ ಇಟ್ಟರೆ ಹೊಸ ಹಾಲು ಪುಕ್ಕಟೆ ಕಾಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ, ಮೂರು ಪಾತ್ರೆಯ ಅಸ್ತ್ರ ಒಲೆಯಲ್ಲೂ ಇದೇ ಉಪಾಯ. ಒಲೆ ಬಾಯಿ ಸುಮ್ನೆ ತೆರೆದಿಟ್ಟರೆ ಬೇಡದ ಗಾಳಿ ನುಗ್ಗಿ ಬೆಂಕಿಯನ್ನು ತಣ್ಣಗೆ ಮಾಡುತ್ತದೆ. ಅದಕ್ಕೊಂದು ಬಾಗಿಲು ಬೇಕು.

ಮಳೆಗಾಲದಲ್ಲಿ ಮಾತ್ರ ಅಂಗಳ ಕೈಕೊಡುತ್ತದೆ. ಬೇಸಿಗೆಯಲ್ಲಿ ಒಣಗಿಸಿದ್ದೂ ಎರಡು ಮಳೆಗೆ ತೊಯ್ದು ಹೋಗುತ್ತದೆ. ಹಾಗಾಗಿ ಹೊಸ ಒಲೆಗೆ ಸಾಲ, ಸಹಾಯಧನ ಕೊಡುವವರು ಸಿಪ್ಪೆ ಒಟ್ಟುವುದಕ್ಕೆ ಒಂದು ತಗಡಿನ ಶೆಡ್ಡಿನ ದುಡ್ಡನ್ನೂ ಅದರಲ್ಲೇ ಸೇರಿಸಿ ಕೊಡಬೇಕು.