ಒಕ್ಕದ ಹೆಸರಿನಲ್ಲಿ ಆಡುವ ಹಾಕಿ

ಬೇಸಿಗೆ ಬಂತೆಂದರೆ ಕೊಡಗಿನಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬದ ಮಾತು ಆರಂಭವಾಗುತ್ತದೆ. ಈ ವರ್ಷ ಎಷ್ಟು ಒಕ್ಕಗಳು (ಒಂದೇ ಮನೆತನದ ಹೆಸರು ಹೊತ್ತ ಕೊಡವ ಕುಟುಂಬಗಳು) ಹೆಸರು ನೋಂದಾಯಿಸಿವೆ, ಸರ್ಕಾರದ ಅನುದಾನ ಬಂದಿತೇ, ಮುಂದಿನ ಆತಿಥ್ಯ ಯಾರದು, ಇಷ್ಟು ದೊಡ್ಡ ಹಬ್ಬದಿಂದ ದೇಶಕ್ಕೆ ಆಟಗಾರರು ದೊರೆಯುತ್ತಿದ್ದಾರೆಯೇ ಎಂಬ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡು, ಹೊರಗಿನವರಿಗೆ ತಲೆಬುಡ ತಿಳಿಯದಂತಾಗಿವೆ. ಇವುಗಳನ್ನು ಬಿಡಿಸಿಕೊಳ್ಳಲು ಹಬ್ಬದ ಹಿನ್ನೆಲೆಯನ್ನು ತಿಳಿಯುವುದು ಅಗತ್ಯ.

ಬ್ರಿಟಿಷರ ಸೇನೆಯ ಮೂಲಕ ಕೊಡಗಿಗೆ ಬಂದ ಹಾಕಿ ರಜೆಯಲ್ಲಿ ಊರಿಗೆ ಮರಳುತ್ತಿದ್ದ ಸೈನಿಕರಿಂದ ಶಾಲೆಯ ಮೈದಾನಗಳಲ್ಲಿ ಬೇರೂರಿತು; 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿ ಕೊಡಗಿನವರಾದ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಕೊಡಗಿನವರೇ ಆದ ಎಂ.ಎಂ. ಸೋಮಯ್ಯ ಇದ್ದರು. ಆದರೆ ತೊಂಬತ್ತರ ದಶಕದ ವೇಳೆಗೆ ಓದು, ಉದ್ಯೋಗಗಳಿಗಾಗಿ ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದವರು ಕೈಲ್‌ಪೊಳ್ದ್ ಮತ್ತು ಪುತ್ತರಿ ಹಬ್ಬಗಳಿಗೂ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬರುವುದು ಕಡಿಮೆಯಾಗಿ, ಒಂದೇ ಒಕ್ಕದ ಎಳೆಯರಿಗೆ ಪರಸ್ಪರ ಪರಿಚಯವೇ ಇಲ್ಲದ ಸ್ಥಿತಿ ಉಂಟಾಗಿತ್ತು.

ಹಾಕಿ ತೀರ್ಪುಗಾರರಾಗಿದ್ದ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿಯನ್ನು ಏರ್ಪಡಿಸಿದ್ದು ಈ ಹಿನ್ನೆಲೆಯಲ್ಲಿ. ಅಂದು ಸೇರಿದ್ದು 60 ಕುಟುಂಬಗಳು. ಕ್ಲಬ್ ಅಥವಾ ಊರಿನ ಹೆಸರಿನಲ್ಲಲ್ಲದೆ ಒಕ್ಕದ ಹೆಸರಿನಲ್ಲಿಯೇ ತಂಡ ಕಟ್ಟಬೇಕೆಂಬ ನಿಯಮದಲ್ಲಿ ಇಡೀ ಹಬ್ಬದ ಸತ್ವ ಅಡಗಿದೆ. ಹನ್ನೊಂದು ಮಂದಿಯನ್ನು ಹೊಂದಿಸಲು ಸಣ್ಣ ಒಕ್ಕವೊಂದು ಯಾರನ್ನೂ ಬಿಡುವಂತಿಲ್ಲ. ಹೀಗಾಗಿ ನಿವೃತ್ತ ಸುಬೇದಾರರು, ಕಾಲೇಜಿನ ಹುಡುಗಿ, ಹತ್ತು ವರ್ಷಗಳಿಂದ ಸ್ಟಿಕ್ ಮುಟ್ಟದ ಚಿಕ್ಕಪ್ಪ, ಶಾಲೆಗೆ ಹೋಗುವ ಹುಡುಗ ಒಂದೇ ಬಣ್ಣದ ಜೆರ್ಸಿ ತೊಟ್ಟು ಮೈದಾನಕ್ಕಿಳಿಯುತ್ತಾರೆ. ಗೆರೆಯಾಚೆ ಕುಳಿತ ಅಜ್ಜಿಯಂದಿರು ಚೆಂಡಿನ ಬದಲು, ಅದರ ಹಿಂದೆ ಓಡುತ್ತಿರುವವನು ಯಾರ ಮಗ ಎಂಬುದನ್ನು ಗಮನಿಸುತ್ತಿರುತ್ತಾರೆ. ಸೋತ ತಂಡ ಹೊರನಡೆಯಬೇಕಾದ ಪದ್ಧತಿಯಾದ್ದರಿಂದ ಅರ್ಧದಷ್ಟು ಕುಟುಂಬಗಳ ಆಟ ಮೊದಲ ಪಂದ್ಯಕ್ಕೇ ಮುಗಿಯುತ್ತದೆ. ಆದರೆ ಆ ಒಂದು ಪಂದ್ಯಕ್ಕಾಗಿ ರಜೆ ಹಾಕಿ ಬಂದವರು ಬುತ್ತಿ ಬಿಚ್ಚಿ ಸಂಜೆಯವರೆಗೆ ಒಟ್ಟಿಗಿರುತ್ತಾರೆ. ಮದುವೆ ಸಂಬಂಧಗಳ ಮಾತುಕತೆಗೂ ಆ ಗ್ಯಾಲರಿಯೇ ಚಾವಡಿಯಾಗುವುದುಂಟು.

ಕಾಲದ ಆಯ್ಕೆಯೂ ಊರಿನ ಬದುಕಿಗೆ ತಕ್ಕಂತಿದೆ. ಕಾಫಿ ಕೊಯ್ಲು ಮುಗಿದು, ಶಾಲೆಗಳಿಗೆ ರಜೆ ಸಿಕ್ಕು, ಮುಂಗಾರು ಇನ್ನೂ ದೂರವಿರುವ ಏಪ್ರಿಲ್ ಆಸುಪಾಸಿನ ಒಂದು ತಿಂಗಳು ಈ ಆಟಕ್ಕೆ ಮೀಸಲು. ಕುಪ್ಯಚೇಲೆ ತೊಟ್ಟ ಹಿರಿಯರು, ವಾಲಗ, ಆಕಾಶಕ್ಕೆ ಹಾರಿಸುವ ಗುಂಡು, ಬೆಳ್ಳಿಯ ಸ್ಟಿಕ್‌ನಿಂದ ಚೆಂಡು ತಳ್ಳುವ ಉದ್ಘಾಟನೆ ಎಲ್ಲವೂ ಸೇರಿ ಪಂದ್ಯಾವಳಿ ಸ್ವತಃ ಒಂದು ‘ನಮ್ಮೆ’ಯಾಗಿ, ಅಂದರೆ ಹಬ್ಬವಾಗಿ ಬೆಳೆದಿದೆ. ಆತಿಥ್ಯ ವಹಿಸುವ ಒಕ್ಕದ ಹೆಸರೇ ಆ ವರ್ಷದ ಕಪ್‌ನ ಹೆಸರು. ಮುಂದೆ ಕುಟುಂಬಗಳ ಕ್ರಿಕೆಟ್ ಆರಂಭವಾಯಿತು. ಜಿಲ್ಲೆಯ ಗೌಡ ಕುಟುಂಬಗಳೂ ತಮ್ಮದೇ ಪಂದ್ಯಾವಳಿಗಳನ್ನು ಕಟ್ಟಿಕೊಂಡವು.

2018ರಲ್ಲಿ ಕುಲ್ಲೇಟಿರ ಕಪ್ ಮುಗಿದ ಕೆಲವೇ ತಿಂಗಳಲ್ಲಿ, ಆಗಸ್ಟ್‌ನ ಭೂಕುಸಿತ ಅನೇಕ ಮನೆ-ತೋಟಗಳನ್ನು ಕೊಚ್ಚಿಕೊಂಡು ಹೋಯಿತು. ಅದರ ಹಿಂದೆಯೇ ಕೊರೊನಾ ಬಂದು, ಹಬ್ಬ ನಾಲ್ಕು ವರ್ಷ ನಿಂತಿತು. ನಿಂತದ್ದು ಮತ್ತೆ ಹೊರಡಲಾರದೆಂಬ ಅಳುಕು ಆಗ ಸಹಜವಾಗಿತ್ತು. ಆದರೆ 2023ರಲ್ಲಿ ನಾಪೋಕ್ಲುವಿನ ಅಪ್ಪಚೆಟ್ಟೋಳಂಡ ಕಪ್‌ಗೆ ಮುನ್ನೂರಕ್ಕೂ ಹೆಚ್ಚು ತಂಡಗಳು ಬಂದವು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡಗಳು ನೋಂದಾಯಿಸಿಕೊಂಡವು.

ಇಂದಿನ ಗೊಂದಲಗಳ ಮೂಲ ಈ ಬೆಳವಣಿಗೆಯಲ್ಲೇ ಇದೆ. ಒಂದು ತಿಂಗಳ ಕಾಲ ಮೈದಾನ, ಗ್ಯಾಲರಿ, ಊಟೋಪಚಾರಗಳನ್ನು ನೋಡಿಕೊಳ್ಳುವುದು ಜನಬಲವೂ ಹಣಬಲವೂ ಇರುವ ಒಕ್ಕಗಳಿಗೆ ಮಾತ್ರ ಎಟಕುವಂತಾಗುತ್ತಿದೆ. ಅನುದಾನದ ಕಡೆಗೆ ಕಣ್ಣು ನೆಡಬೇಕಾಗಿ ಬಂದಿರುವುದು ಅದರಿಂದಲೇ. ಪ್ರತಿಭಾನ್ವೇಷಣೆಯ ಮಾತಿಗೂ ಒಂದು ಮಿತಿಯಿದೆ. 1976ರ ನಂತರ ಅಂತರರಾಷ್ಟ್ರೀಯ ಹಾಕಿ ಕೃತಕ ಹಾಸಿನ ಮೇಲೆ ಹೋಗಿರುವಾಗ, ಮಣ್ಣು-ಹುಲ್ಲಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ಆಡುವ ಪಂದ್ಯದಿಂದ ಒಲಿಂಪಿಯನ್‌ಗಳನ್ನು ಎಣಿಸುವುದು ನ್ಯಾಯವಲ್ಲ; ಆ ಕೆಲಸ ಕ್ರೀಡಾಶಾಲೆಗಳದ್ದು. ಮದುವೆಯಾದ ಹೆಣ್ಣುಮಗಳು ತವರಿನ ತಂಡಕ್ಕೆ ಸಲ್ಲಬೇಕೋ ಸೇರಿದ ಮನೆಗೋ ಎಂಬುದು ಮಾತ್ರ ತೂಕವುಳ್ಳ ಪ್ರಶ್ನೆ, ಏಕೆಂದರೆ ಒಕ್ಕ ಎಂದರೆ ಯಾರೆಲ್ಲ ಎಂಬುದನ್ನೇ ಅದು ಮತ್ತೆ ಕೇಳುತ್ತದೆ. ಆತಿಥ್ಯದ ವಿಷಯದಲ್ಲಿ, ಎರಡು-ಮೂರು ಸಣ್ಣ ಒಕ್ಕಗಳು ಕೂಡಿ ಹೊಣೆ ಹೊರುವ ದಾರಿ ತೆರೆದರೆ, ಮೊದಲ ಸುತ್ತಿನಲ್ಲೇ ಸೋತು ಹೋಗುವ ಮನೆಗಳ ಹೆಸರೂ ಒಂದಲ್ಲ ಒಂದು ವರ್ಷ ಕಪ್‌ನ ಮೇಲೆ ಬರಲು ಸಾಧ್ಯ.