ಪೇಟೆಂಟ್ ಜಗಳ, ಯುದ್ಧ, ಗುಜರಿ: ಅಮೆರಿಕದ ಬೈಪ್ಲೇನ್ ಕಾರ್ಖಾನೆಗಳು ಬೆಳೆದ ಬಗೆ

1917ರ ಏಪ್ರಿಲ್ 6ರಂದು ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. ಆಗ ಅದರ ಸೇನೆಯ ಕೈಯಲ್ಲಿ ಇದ್ದದ್ದು 55 ವಿಮಾನ. ಅವುಗಳಲ್ಲಿ 51 ಆಗಲೇ ಕಾಲ ಮುಗಿದವು, ಉಳಿದ 4 ಕಾಲ ಮುಗಿಯುತ್ತಿರುವವು ಎಂದು ಸೇನಾಪತಿ ಪರ್ಶಿಂಗ್ ಆಮೇಲೆ ಬರೆದರು. ಯುರೋಪಿನ ಆಕಾಶದಲ್ಲಿ ಕಾದಾಡಬಲ್ಲ ವಿಮಾನ ಒಂದೂ ಇರಲಿಲ್ಲ. ವಿಮಾನ ಹುಟ್ಟಿದ ದೇಶವೇ ಅದು. ರೈಟ್ ಸಹೋದರರು ಹಾರಿ 14 ವರ್ಷ ಕೂಡ ತುಂಬಿರಲಿಲ್ಲ. ಇಷ್ಟು ಬೇಗ ಇಷ್ಟು ಹಿಂದೆ ಬಿದ್ದದ್ದು ಹೇಗೆ?

ರೈಟ್ ಸಹೋದರರ ಪೇಟೆಂಟ್ ಜಗಳವೇ ಕಾರಣ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲಿ ನಿಜ ಇದೆ, ಆದರೆ ಪೂರ್ತಿ ನಿಜ ಅಲ್ಲ. ಕೊಳ್ಳುವವರೇ ಇಲ್ಲದ ಕಡೆ ಯಾವ ಕಾರ್ಖಾನೆಯೂ ಬೆಳೆಯುವುದಿಲ್ಲ. ಆ ಕಾಲದ ಅಮೆರಿಕದಲ್ಲಿ ವಿಮಾನ ಕೊಳ್ಳುವವರು ಬೆರಳೆಣಿಕೆಯಷ್ಟು ಜನ. ನನ್ನ ಪ್ರಕಾರ ಈ ಕಥೆಯಲ್ಲಿ ಜಗಳಕ್ಕಿಂತ ದೊಡ್ಡ ವಿಷಯ ಇದೇ.

ಬೈಪ್ಲೇನ್ ಎಂದರೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ಇರುವ ವಿಮಾನ. ಮೊದಲು ಎರಡು ರೆಕ್ಕೆ ಯಾಕೆ ಎಂದು ನೋಡೋಣ. ಆಗಿನ ರೆಕ್ಕೆಗಳು ತೀರಾ ತೆಳು. ಮರದ ಪಟ್ಟಿ, ಮೇಲೆ ಬಟ್ಟೆ, ಅಷ್ಟೇ. ಒಂದೇ ರೆಕ್ಕೆಯನ್ನು ಉದ್ದ ಮಾಡಿದರೆ ಬಾಗಿ ಮುರಿಯುತ್ತಿತ್ತು. ಆಕ್ಟೇವ್ ಶನೂಟ್ ಎಂಬ ಹಿರಿಯ ಎಂಜಿನಿಯರ್ ರೈಲು ಸೇತುವೆ ಕಟ್ಟಿ ಹೆಸರು ಮಾಡಿದವರು. 1896ರಲ್ಲಿ ಅವರು ಎಂಜಿನ್ ಇಲ್ಲದೆ ತೇಲುವ ತಮ್ಮ ಗ್ಲೈಡರ್‌ಗೆ ಸೇತುವೆಯ ಲೆಕ್ಕಾಚಾರವನ್ನೇ ಹಾಕಿದರು. ಒಂದರ ಮೇಲೊಂದು ರೆಕ್ಕೆ, ನಡುವೆ ನೆಟ್ಟಗಿನ ಕಂಬಗಳು, ಅಡ್ಡಡ್ಡ ಬಿಗಿದ ತಂತಿಗಳು. ತೂಕ ಕಡಿಮೆ, ಗಟ್ಟಿತನ ಜಾಸ್ತಿ. ಓಹಾಯೋದ ಡೇಟನ್‌ನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಈ ಕಟ್ಟಣೆಯನ್ನು ತಮ್ಮದಾಗಿಸಿಕೊಂಡರು.

1903ರ ಡಿಸೆಂಬರ್ 17ರಂದು ನಾರ್ತ್ ಕ್ಯಾರೊಲಿನಾ ಕರಾವಳಿಯ ಕಿಟಿ ಹಾಕ್ ಬಳಿಯ ಮರಳು ಬಯಲಿನಲ್ಲಿ ಹಾರಿದ್ದು ಇದೇ ಬಗೆಯ ಯಂತ್ರ. ಸ್ಪ್ರೂಸ್ ಮರದ ಚೌಕಟ್ಟು, ಹತ್ತಿ ಬಟ್ಟೆಯ ಹೊದಿಕೆ. 12 ಅಶ್ವಶಕ್ತಿಯ ಎಂಜಿನ್ ಅನ್ನು ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಕಟ್ಟಿದ್ದರು. ಎಂಜಿನ್‌ನಿಂದ ಎರಡು ಪ್ರೊಪೆಲ್ಲರ್‌ಗಳಿಗೆ ಶಕ್ತಿ ಹೋಗುತ್ತಿದ್ದದ್ದು ಚೈನ್ ಮೂಲಕ. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಆ ದಿನದ ನಾಲ್ಕನೆಯದು 59 ಸೆಕೆಂಡು, 852 ಅಡಿ.

ಅವರ ನಿಜವಾದ ಸಾಧನೆ ಎಂಜಿನ್ ಅಲ್ಲ, ಹಿಡಿತ. ಗಾಳಿಯಲ್ಲಿ ವಿಮಾನ ಒಂದು ಕಡೆಗೆ ವಾಲಿದರೆ ಅದನ್ನು ನೆಟ್ಟಗೆ ಮಾಡುವುದು ಹೇಗೆ? ರೈಟ್ ಸಹೋದರರು ತಂತಿ ಎಳೆದು ರೆಕ್ಕೆಯ ತುದಿಯನ್ನೇ ತಿರುಚುತ್ತಿದ್ದರು. ಒಂದು ಬದಿ ಹೆಚ್ಚು ಎತ್ತುತ್ತದೆ, ಇನ್ನೊಂದು ಕಡಿಮೆ. ಹಾಗೆ ಮಾಡಿದಾಗ ವಿಮಾನದ ಮೂಗು ಪಕ್ಕಕ್ಕೆ ಎಳೆಯುತ್ತಿತ್ತು. ಅದನ್ನು ಸರಿಪಡಿಸಲು ಹಿಂದಿನ ಚುಕ್ಕಾಣಿಯನ್ನು ಜೊತೆಗೂಡಿಸಿದರು. 1906ರ ಮೇ 22ರಂದು ಇದಕ್ಕೆ 821393ನೇ ನಂಬರಿನ ಪೇಟೆಂಟ್ ಸಿಕ್ಕಿತು. ಅವರ ವಕೀಲರು ಹ್ಯಾರಿ ಟೌಲ್ಮಿನ್. ತಿರುಚುವ ರೆಕ್ಕೆಗೆ ಮಾತ್ರ ಅಲ್ಲ, ಎರಡು ಬದಿಯ ರೆಕ್ಕೆತುದಿಗಳ ಕೋನ ಬದಲಿಸುವ ಯಾವುದೇ ಉಪಾಯಕ್ಕೂ ತಾಗುವ ಹಾಗೆ ಅವರು ಅದನ್ನು ಅಗಲವಾಗಿ ಬರೆದಿದ್ದರು. ಮುಂದಿನ ಹನ್ನೊಂದು ವರ್ಷದ ಗೋಳು ಈ ಅಗಲದಿಂದಲೇ ಬಂತು.

ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ ಗ್ಲೆನ್ ಕರ್ಟಿಸ್ ಇದ್ದರು. ಅವರೂ ಸೈಕಲ್‌ನಿಂದ ಶುರು ಮಾಡಿದವರೇ. ಮೋಟಾರ್‌ಸೈಕಲ್ ಎಂಜಿನ್ ಕಟ್ಟುವುದರಲ್ಲಿ ಎತ್ತಿದ ಕೈ. 1907ರಲ್ಲಿ ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಟ್ಟಿದ ಒಂದು ಸಣ್ಣ ಗುಂಪಿಗೆ ಅವರು ಸೇರಿದರು. 1908ರ ಜುಲೈ 4ರಂದು ಆ ಗುಂಪಿನ 'ಜೂನ್ ಬಗ್' ಬೈಪ್ಲೇನ್ ಅನ್ನು ಜನರ ಕಣ್ಣೆದುರೇ ಒಂದು ಕಿಲೋಮೀಟರಿಗೂ ಆಚೆ ಹಾರಿಸಿ ಬಹುಮಾನ ಗೆದ್ದರು. ಅದರ ರೆಕ್ಕೆ ತಿರುಚುತ್ತಿರಲಿಲ್ಲ. ತುದಿಯಲ್ಲಿ ಚಿಕ್ಕ ಪುಟ್ಟ ಪಟ್ಟಿಗಳು ಮೇಲೆ ಕೆಳಗೆ ಆಡುತ್ತಿದ್ದವು. ಅವೇ ಐಲೆರಾನ್‌ಗಳು. ಇವತ್ತು ನೀವು ವಿಮಾನದ ಕಿಟಕಿಯಿಂದ ರೆಕ್ಕೆಯ ಹಿಂಬದಿ ನೋಡಿದರೆ ಕಾಣುವ ಆಡುವ ಪಟ್ಟಿಗಳಲ್ಲಿ ಅವೂ ಇವೆ. ಆ ತಿಂಗಳೇ ಆರ್ವಿಲ್ ರೈಟ್ ಕರ್ಟಿಸ್‌ಗೆ ಎಚ್ಚರಿಕೆಯ ಪತ್ರ ಬರೆದರು.

1909ರಲ್ಲಿ ಎರಡು ಮಾರಾಟ ನಡೆದವು. ರೈಟ್ ಸಹೋದರರು ಅಮೆರಿಕದ ಸೇನೆಗೆ ಒಂದು ವಿಮಾನ ಕೊಟ್ಟರು. ಬೆಲೆ 25,000 ಡಾಲರ್. ಒಪ್ಪಿದ್ದಕ್ಕಿಂತ ವೇಗವಾಗಿ ಹಾರಿದ್ದಕ್ಕೆ ಇನ್ನೂ 5,000. ಕರ್ಟಿಸ್ ನ್ಯೂಯಾರ್ಕಿನ ಒಂದು ವಿಮಾನ ಸಂಘಕ್ಕೆ 5,000 ಡಾಲರಿಗೆ ಬೈಪ್ಲೇನ್ ಮಾರಿದರು. ಖಾಸಗಿಯವರಿಗೆ ಆ ದೇಶದಲ್ಲಿ ನಡೆದ ಮೊದಲ ವಿಮಾನ ವ್ಯಾಪಾರ ಇದು. ಆಗಸ್ಟ್‌ನಲ್ಲಿ ರೈಟ್ ಸಹೋದರರು ಕೋರ್ಟಿಗೆ ಹೋದರು.

ಅದೇ ನವೆಂಬರ್‌ನಲ್ಲಿ 10 ಲಕ್ಷ ಡಾಲರ್ ಬಂಡವಾಳದ ರೈಟ್ ಕಂಪನಿ ಹುಟ್ಟಿತು. ಹಿಂದೆ ನಿಂತವರು ವ್ಯಾಂಡರ್‌ಬಿಲ್ಟ್, ಬೆಲ್ಮಂಟ್‌ರಂಥ ನ್ಯೂಯಾರ್ಕಿನ ದುಡ್ಡಿನ ಕುಳಗಳು. ಕಾರ್ಖಾನೆ ಡೇಟನ್‌ನಲ್ಲೇ ಎದ್ದಿತು. ವಿಮಾನ ಕಟ್ಟುವುದಕ್ಕೆಂದೇ ಅಮೆರಿಕದಲ್ಲಿ ಕಟ್ಟಿದ ಮೊದಲ ಕಟ್ಟಡ ಅದು.

ಆ ಕಾಲದ ವಿಮಾನ ಕಾರ್ಖಾನೆ ಎಂದರೆ ಬಡಗಿಗಳು ಮತ್ತು ಹೊಲಿಯುವವರು. ಲೋಹದ ಕೆಲಸ ಎಂಜಿನ್, ಚೈನ್, ತಂತಿಯ ಕೊಂಡಿಗಳಲ್ಲಿ ಮುಗಿಯಿತು. ಮಿಕ್ಕದ್ದೆಲ್ಲ ಮರ ಮತ್ತು ಬಟ್ಟೆ. ಗಂಟಿಲ್ಲದ ನೇರ ಎಳೆಯ ಸ್ಪ್ರೂಸ್ ಬೇಕು, ಯಾಕಂದ್ರೆ ಒಂದು ಗಂಟಿದ್ದರೂ ಕಡ್ಡಿ ಅಲ್ಲೇ ಮುರಿಯುತ್ತದೆ. ಐಡಾ ಹೋಲ್ಡ್‌ಗ್ರೀವ್ ಎಂಬ ದರ್ಜಿ ಮಹಿಳೆ 1910ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿ ರೆಕ್ಕೆಗಳ ಬಟ್ಟೆ ಹೊಲಿದರು. ಗಾಳಿಯ ಹೊಡೆತಕ್ಕೆ ಹರಿಯದ ಹಾಗೆ ಬಟ್ಟೆ ಬಿಗಿಯಾಗಿ ಕೂರಬೇಕಿತ್ತು. ಪೈಲಟ್‌ನ ಜೀವ ಆ ಹೊಲಿಗೆಯ ಮೇಲೂ ನಿಂತಿತ್ತು. ವಿಮಾನದ ಚರಿತ್ರೆ ಬರೆಯುವಾಗ ಇಂಥವರ ಹೆಸರು ಕೈಬಿಟ್ಟುಹೋಗುವುದು ನನಗೆ ಬೇಸರದ ಸಂಗತಿ.

ಅಲ್ಲಿ ಸಾಲಾಗಿ ತಯಾರಾದದ್ದು ಮಾಡೆಲ್ ಬಿ. ಇಬ್ಬರು ಅಕ್ಕಪಕ್ಕ ಕೂರುವ, ಗಾಲಿ ಇರುವ ವಿಮಾನ. ಬೆಲೆ 5,000 ಡಾಲರ್. ಸುಮಾರು 100 ಮಾಡಿದರು. 1910ರ ನವೆಂಬರ್ 7ರಂದು ಫಿಲ್ ಪಾರ್ಮಲೀ ಇದರಲ್ಲೇ ಡೇಟನ್‌ನಿಂದ ಕೊಲಂಬಸ್‌ನ ಬಟ್ಟೆ ಅಂಗಡಿಗೆ ರೇಷ್ಮೆ ಥಾನು ಒಯ್ದರು. ವಿಮಾನದಲ್ಲಿ ಸರಕು ಹೋದದ್ದು ಅದೇ ಮೊದಲು.

ಆದರೆ ಗಿರಾಕಿಗಳು ಎಲ್ಲಿ? ಅಮೆರಿಕದ ಸಂಸತ್ತು ಸೇನೆಯ ವಿಮಾನಗಳಿಗೆ ಮೊದಲ ಸಲ ಹಣ ಕೊಟ್ಟದ್ದು 1911ರಲ್ಲಿ, 1,25,000 ಡಾಲರ್. ಯುರೋಪಿನ ಸರ್ಕಾರಗಳು ಅಕ್ಕಪಕ್ಕದವರ ಭಯಕ್ಕೆ ವಿಮಾನ ಕೊಳ್ಳುತ್ತಿದ್ದವು. ಅಮೆರಿಕಕ್ಕೆ ಎರಡೂ ಕಡೆ ಸಮುದ್ರ, ಭಯವೇ ಇಲ್ಲ. ಹಾಗಾಗಿ ಎರಡೂ ಕಂಪನಿಗಳ ಹೊಟ್ಟೆ ತುಂಬಿಸಿದ್ದು ಜಾತ್ರೆ, ಮೈದಾನಗಳ ಪ್ರದರ್ಶನ. ಅಲ್ಲಿ ಪೈಲಟ್‌ಗಳು ಸಾಯುತ್ತಿದ್ದರು. ರೈಟ್ ತಂಡದ ರಾಲ್ಫ್ ಜಾನ್‌ಸ್ಟನ್ 1910ರ ನವೆಂಬರ್‌ನಲ್ಲಿ ಹೋದರು, ಆರ್ಚ್ ಹಾಕ್ಸಿ ಅದೇ ವರ್ಷದ ಕೊನೆಯ ದಿನ.

ಇತ್ತ ಮೊಕದ್ದಮೆ ಸಾಗುತ್ತಲೇ ಇತ್ತು. ವಿಲ್ಬರ್ ಹೊಸ ವಿಮಾನದ ಬಗ್ಗೆ ಯೋಚಿಸಬೇಕಾದ ದಿನಗಳನ್ನು ವಕೀಲರ ಜೊತೆ, ಸಾಕ್ಷಿಕಟ್ಟೆಯಲ್ಲಿ ಕಳೆದರು. 1912ರ ಮೇ 30ರಂದು 45ನೇ ವಯಸ್ಸಿಗೇ ಟೈಫಾಯ್ಡ್‌ನಿಂದ ತೀರಿಕೊಂಡರು. ಜಗಳದ ಒತ್ತಡವೇ ಅವರನ್ನು ಕೊಂದಿತು ಅಂತ ಮನೆಯವರು ನಂಬಿದ್ದರು. 1914ರ ಜನವರಿಯಲ್ಲಿ ಮೇಲಿನ ಕೋರ್ಟು ರೈಟ್ ಪರ ತೀರ್ಪು ಕೊಟ್ಟಿತು. ಕರ್ಟಿಸ್ ಬಿಡಲಿಲ್ಲ. ಹೆನ್ರಿ ಫೋರ್ಡ್ ತಮ್ಮ ವಕೀಲರ ನೆರವು ಕೊಡಿಸಿದರು. ಎರಡು ಐಲೆರಾನ್ ಒಟ್ಟಿಗೆ ಆಡಿದರೆ ತಾನೆ ತಪ್ಪು? ಒಂದೊಂದಾಗಿ ಆಡಿಸೋಣ ಎಂಬ ವಾದ ಹೂಡಿ ಕಾಲ ತಳ್ಳಿದರು.

ಗೆದ್ದವರ ವಿಮಾನಗಳು ಅಷ್ಟರಲ್ಲಿ ಹಳತಾಗಿದ್ದವು. ರೈಟ್ ವಿಮಾನಗಳಲ್ಲಿ ಎಂಜಿನ್ ಪೈಲಟ್‌ನ ಪಕ್ಕ, ಪ್ರೊಪೆಲ್ಲರ್ ಹಿಂದೆ. ಕೆಳಗೆ ಬಿದ್ದರೆ ಪೈಲಟ್‌ನ ಮುಂದೆ ರಕ್ಷಣೆಗೆ ಏನೂ ಇಲ್ಲ, ಎಂಜಿನ್ ಬೇರೆ ಕಿತ್ತುಕೊಂಡು ಮೈಮೇಲೆ ಬರುತ್ತಿತ್ತು. ಸೇನೆ ಕೊಂಡ 6 ಮಾಡೆಲ್ ಸಿ ವಿಮಾನಗಳೂ ಬಿದ್ದು ಹಾಳಾದವು. 1914ರಲ್ಲಿ ಸೇನೆ ಹಿಂದಿನಿಂದ ತಳ್ಳುವ ವಿಮಾನಗಳನ್ನೇ ನಿಲ್ಲಿಸಿತು. 1915ರಲ್ಲಿ ಆರ್ವಿಲ್ ಕಂಪನಿ ಮಾರಿ ಹೊರಬಂದರು. ಕಂಪನಿ ಒಟ್ಟು ಕಟ್ಟಿದ್ದು ಸುಮಾರು 120 ವಿಮಾನ ಮಾತ್ರ.

ಎಂಜಿನ್ ಮುಂದಿರುವ ವಿಮಾನದ ಅನುಭವ ಯುರೋಪಿನಲ್ಲಿತ್ತು. ಕರ್ಟಿಸ್ ಇಂಗ್ಲೆಂಡಿನಿಂದ ಬಿ. ಡಗ್ಲಸ್ ಥಾಮಸ್ ಎಂಬ ಎಂಜಿನಿಯರ್ ಅನ್ನು ಕೆಲಸಕ್ಕೆ ತೆಗೆದುಕೊಂಡರು. ಅವರ ಮಾಡೆಲ್ ಜೆ, ಕರ್ಟಿಸ್‌ರ ಮಾಡೆಲ್ ಎನ್ ಎರಡೂ ಸೇರಿ ಜೆಎನ್ ಆಯಿತು. ಜನ ಅದನ್ನು ಪ್ರೀತಿಯಿಂದ 'ಜೆನ್ನಿ' ಎಂದರು.

ಜೆನ್ನಿಯ ಮೊದಲ ಪರೀಕ್ಷೆ ಚೆನ್ನಾಗಿ ಆಗಲಿಲ್ಲ. 1916ರ ಮಾರ್ಚ್‌ನಲ್ಲಿ ಮೆಕ್ಸಿಕೋದ ಬಂಡುಕೋರ ನಾಯಕ ಪಾಂಚೋ ವಿಯ್ಯಾನನ್ನು ಹುಡುಕಿಕೊಂಡು ಸೇನೆ ಮೆಕ್ಸಿಕೋಗೆ ನುಗ್ಗಿದಾಗ 8 ಜೆಎನ್-3 ವಿಮಾನಗಳು ಜೊತೆಗೆ ಹೋದವು. ಅಲ್ಲಿನ ಬೆಟ್ಟ ದಾಟುವಷ್ಟು ಎಂಜಿನ್‌ಗೆ ಬಲ ಇರಲಿಲ್ಲ. ಒಣ ಬಿಸಿಲಿಗೆ ಮರದ ಪ್ರೊಪೆಲ್ಲರ್‌ಗಳ ಅಂಟು ಬಿಟ್ಟಿತು. ಒಂದೇ ತಿಂಗಳ ಸುಮಾರಿನಲ್ಲಿ ಉಳಿದದ್ದು ಎರಡು.

ಆಮೇಲೆ ಯುದ್ಧ ಬಂತು. ವರ್ಷಗಟ್ಟಲೆ ಕೋರ್ಟಿನಲ್ಲಿ ಬಗೆಹರಿಯದ್ದು ಕೆಲವೇ ತಿಂಗಳಲ್ಲಿ ಬಗೆಹರಿಯಿತು. 1917ರ ಜುಲೈನಲ್ಲಿ ಸರ್ಕಾರದ ಒತ್ತಾಯದ ಮೇಲೆ ತಯಾರಕರೆಲ್ಲ ಒಂದು ಸಂಘ ಮಾಡಿಕೊಂಡರು. ಪೇಟೆಂಟ್‌ಗಳನ್ನು ಒಟ್ಟಿಗೆ ಹಾಕಿದರು. ಒಂದು ವಿಮಾನಕ್ಕೆ 200 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಯಾವುದನ್ನು ಬೇಕಾದರೂ ಬಳಸಬಹುದು. ರೈಟ್ ಪೇಟೆಂಟ್ ಈಗ ಯಾರ ಕೈಯಲ್ಲಿತ್ತೋ ಆ ಕಂಪನಿಗೆ ಮತ್ತು ಕರ್ಟಿಸ್ ಕಂಪನಿಗೆ ತಲಾ 20 ಲಕ್ಷ ಡಾಲರ್‌ವರೆಗೆ ಪಾಲು. ಇಷ್ಟು ಸರಳ ಒಪ್ಪಂದ 1910ರಲ್ಲೇ ಆಗಬಹುದಿತ್ತಲ್ವಾ? ಆಗುತ್ತಿತ್ತು, ಒತ್ತಾಯಿಸುವ ಗಿರಾಕಿ ಇದ್ದಿದ್ದರೆ. ಆ ಗಿರಾಕಿ ಸರ್ಕಾರ, ಅದು ಎದ್ದದ್ದು 1917ರಲ್ಲಿ.

ಸಂಸತ್ತು 64 ಕೋಟಿ ಡಾಲರ್ ಮಂಜೂರು ಮಾಡಿತು. ಸ್ಪ್ರೂಸ್ ಕಡಿಯಲು ವಾಷಿಂಗ್ಟನ್, ಓರೆಗಾನ್ ಕಾಡುಗಳಿಗೆ ಸಾವಿರಾರು ಸೈನಿಕರನ್ನೇ ಇಳಿಸಿದರು. ಜೆನ್ನಿಗಳು 6,000ಕ್ಕೂ ಹೆಚ್ಚು ತಯಾರಾದವು. 90 ಅಶ್ವಶಕ್ತಿಯ ಓಎಕ್ಸ್-5 ಎಂಜಿನ್, ಗಂಟೆಗೆ 75 ಮೈಲಿ. ಹೊಸ ಪೈಲಟ್‌ಗಳು ಕಲಿತದ್ದು ಅದರಲ್ಲೇ. ಯುದ್ಧರಂಗಕ್ಕೆ ಹೋದ ಅಮೆರಿಕನ್ ತಯಾರಿಯ ಬೈಪ್ಲೇನ್ ಡಿಎಚ್-4. ಆದರೆ ಅದರ ವಿನ್ಯಾಸ ಬ್ರಿಟನ್‌ನದು, ಎಂಜಿನ್ ಮಾತ್ರ ಅಮೆರಿಕದ ಲಿಬರ್ಟಿ. 4,846 ಕಟ್ಟಿದರು, ಅದರಲ್ಲಿ 3,106 ಡೇಟನ್‌ನಲ್ಲಿ. ಪೈಲಟ್ ಮತ್ತು ಹಿಂದಿನ ಸೈನಿಕನ ನಡುವೆ ಪೆಟ್ರೋಲ್ ಟ್ಯಾಂಕ್. ಅದಕ್ಕೆ 'ಉರಿಯುವ ಶವಪೆಟ್ಟಿಗೆ' ಎಂಬ ಅಡ್ಡಹೆಸರು ಬಿತ್ತು. ತಮ್ಮದೇ ಯುದ್ಧವಿಮಾನವನ್ನು ಅಮೆರಿಕದವರು ರಂಗಕ್ಕೆ ತರುವಷ್ಟರಲ್ಲಿ ಯುದ್ಧ ಮುಗಿದಿತ್ತು.

1918ರ ನವೆಂಬರ್‌ನಲ್ಲಿ ಆರ್ಡರ್‌ಗಳು ರದ್ದಾದವು. ಸಿಯಾಟಲ್‌ನಲ್ಲಿ 1916ರಿಂದ ನೀರಿನ ಮೇಲೆ ಇಳಿಯುವ ಬೈಪ್ಲೇನ್ ಕಟ್ಟುತ್ತಿದ್ದ ಬೋಯಿಂಗ್ ಕಂಪನಿ ಮೇಜು ಕುರ್ಚಿ, ದೋಣಿ ಮಾಡಿ ಬದುಕಿಕೊಂಡಿತು. ಸೇನೆ ಬೇಡವೆಂದ ಜೆನ್ನಿಗಳು ಗುಜರಿ ಬೆಲೆಗೆ ಹೊರಬಿದ್ದವು. ಮುಂದೆ ಒಬ್ಬರೇ ಅಟ್ಲಾಂಟಿಕ್ ಸಾಗರ ಹಾರಿ ದಾಟಿ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್ 1923ರಲ್ಲಿ 500 ಡಾಲರಿಗೆ ಒಂದನ್ನು ಕೊಂಡರು. ಇಷ್ಟು ಅಗ್ಗಕ್ಕೆ ಸಿಗುವಾಗ ಹೊಸ ವಿಮಾನ ಯಾರು ಕೊಳ್ಳುತ್ತಾರೆ? ಕಾರ್ಖಾನೆಗಳಿಗೆ ತಮ್ಮ ಹಳೇ ಸರಕೇ ಎದುರಾಳಿ.

ಆದರೆ ಇದೇ ಜೆನ್ನಿ ಹಳ್ಳಿಹಳ್ಳಿಯ ಜನರಿಗೆ ವಿಮಾನ ತೋರಿಸಿತು. ಹೊಲದಲ್ಲಿ ಇಳಿದು, ಐದು ಡಾಲರಿಗೆ ಒಂದು ಸುತ್ತು ಹಾರಿಸುತ್ತಿದ್ದರು. ಕರಿಯ ಮಹಿಳೆ ಎಂಬ ಕಾರಣಕ್ಕೆ ಸ್ವದೇಶದಲ್ಲಿ ಯಾರೂ ಕಲಿಸದೆ, ಫ್ರಾನ್ಸ್‌ಗೆ ಹೋಗಿ 1921ರಲ್ಲಿ ಲೈಸೆನ್ಸ್ ಪಡೆದ ಬೆಸ್ಸಿ ಕೋಲ್ಮನ್ ಪ್ರದರ್ಶನ ಕೊಟ್ಟದ್ದೂ ಇಂಥ ವಿಮಾನಗಳಲ್ಲಿ. 1926ರಲ್ಲಿ ಹಳೆಯ ಜೆನ್ನಿಯಿಂದ ಬಿದ್ದೇ ಅವರು ಸತ್ತರು. ಬಿಟ್ಟುಹೋದ ಒಂದು ಸ್ಪ್ಯಾನರ್ ಹಿಡಿತದ ಭಾಗಗಳಿಗೆ ಸಿಕ್ಕಿಕೊಂಡಿತ್ತು. ಅದೇ ವರ್ಷ ಬಂದ ಕಾನೂನು ವಿಮಾನಗಳಿಗೆ ತಪಾಸಣೆ ಕಡ್ಡಾಯ ಮಾಡಿತು. ಜೆನ್ನಿಗಳು ಮೆಲ್ಲನೆ ಮರೆಯಾದವು.

ಹೊಸ ಬೈಪ್ಲೇನ್‌ಗಳು ಬಂದದ್ದು ಸಣ್ಣ ಊರುಗಳಿಂದ. ಕ್ಯಾನ್ಸಸ್‌ನ ವಿಚಿಟಾದಲ್ಲಿ ಸ್ವಾಲೋ ಕಂಪನಿಯ ವಾಲ್ಟರ್ ಬೀಚ್ ಮತ್ತು ಲಾಯ್ಡ್ ಸ್ಟಿಯರ್‌ಮನ್ ಮರದ ಬದಲು ಉಕ್ಕಿನ ಕೊಳವೆಯ ಚೌಕಟ್ಟು ಮಾಡೋಣ ಎಂದರು. ಮಾಲೀಕ ಒಪ್ಪಲಿಲ್ಲ. ಅವರು ಹೊರಬಂದು ಕ್ಲೈಡ್ ಸೆಸ್ನಾ ಜೊತೆ 1925ರಲ್ಲಿ ಟ್ರಾವೆಲ್ ಏರ್ ಶುರು ಮಾಡಿದರು. ಓಹಾಯೋದ ಟ್ರಾಯ್‌ನಲ್ಲಿ ವಾಕೋ ಕಂಪನಿ ಅದೇ ಓಎಕ್ಸ್-5 ಹಳೇ ಎಂಜಿನ್ ಹಾಕಿ ವಾಕೋ 10 ಮಾರಿತು. ಜೆನ್ನಿಯ ಗುಜರಿ ಎಂಜಿನ್‌ಗಳೇ ಹೊಸ ಉದ್ಯಮಕ್ಕೆ ಅಗ್ಗದ ಬಂಡವಾಳವಾದವು.

1929ರ ಜುಲೈ 5ರಂದು ಕರ್ಟಿಸ್ ಮತ್ತು ರೈಟ್ ಹೆಸರಿನ ಕಂಪನಿಗಳು ಒಂದಾಗಿ ಕರ್ಟಿಸ್-ರೈಟ್ ಆದವು. ಆರ್ವಿಲ್ ಮತ್ತು ಗ್ಲೆನ್ ಇಬ್ಬರೂ ಇನ್ನೂ ಬದುಕಿದ್ದರು. ಇಬ್ಬರೂ ಅದಾಗಲೇ ಈ ವ್ಯವಹಾರದಿಂದ ದೂರ.

ಈ ಸರಪಳಿಯ ಒಂದು ಕೊಂಡಿ ನಮ್ಮೂರಿಗೂ ಬಂದಿದೆ. ಚೀನಾದಲ್ಲಿ ಕರ್ಟಿಸ್ ವಿಮಾನಗಳನ್ನು ಮಾರುತ್ತಿದ್ದ, ಅಲ್ಲೇ ಕರ್ಟಿಸ್ ಹಾಕ್ ಬೈಪ್ಲೇನ್‌ಗಳನ್ನು ಜೋಡಿಸುವ ಕಾರ್ಖಾನೆ ನಡೆಸಿದ ವಿಲಿಯಂ ಪಾಲಿ ಅವರನ್ನು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೆ ಸೇರಿಸಿಕೊಂಡರು. ಮೈಸೂರು ಸಂಸ್ಥಾನ ಜಮೀನು ಕೊಟ್ಟು ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಅಲ್ಲಿ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಕರ್ಟಿಸ್ ಹಾಕ್ 75 ಕೂಡ ಒಂದು. ಅದು ಲೋಹದ, ಒಂದೇ ಜೊತೆ ರೆಕ್ಕೆಯ ಯುದ್ಧವಿಮಾನ. ಬೈಪ್ಲೇನ್‌ನ ಕಾಲ ಆ ಹೊತ್ತಿಗೆ ಯುದ್ಧದಲ್ಲಿ ಬಹುಮಟ್ಟಿಗೆ ಮುಗಿದಿತ್ತು. ಆದರೂ ಅಮೆರಿಕದಲ್ಲಿ ವಿಚಿಟಾದ ಸ್ಟಿಯರ್‌ಮನ್ ಬೈಪ್ಲೇನ್‌ಗಳು ಎರಡನೇ ಮಹಾಯುದ್ಧದ ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದವು. ಅವುಗಳಲ್ಲಿ ಎಷ್ಟೋ ಇಂದಿಗೂ ಹಾರುತ್ತಿವೆ.