ಅಮೆರಿಕದಲ್ಲಿ ಲಸಿಕೆ ಕಡ್ಡಾಯ ಇಲ್ಲವೇ? ಮತ್ತೆ ದಡಾರ ಹೇಗೆ ಬಂತು?

ಪ್ರಶ್ನೆ: ಅಮೆರಿಕದಲ್ಲಿ 2000ದಲ್ಲೇ ದಡಾರ ನಿರ್ಮೂಲನೆ ಆಗಿತ್ತು ಅಂತ ಓದಿದ ನೆನಪು. ಈಗ ನೋಡಿದರೆ ಅಲ್ಲಿ ಮಕ್ಕಳು ದಡಾರದಿಂದ ಸತ್ತ ಸುದ್ದಿ. ಅಷ್ಟು ದೊಡ್ಡ ಸರ್ಕಾರಕ್ಕೆ ಒಂದು ಲಸಿಕೆ ಕಡ್ಡಾಯ ಮಾಡೋಕೆ ಆಗಲ್ವಾ?

ಉತ್ತರ: ಕಡ್ಡಾಯ ಇದೆ. ಆದರೆ ಅದನ್ನು ಮಾಡಿರುವುದು ವಾಷಿಂಗ್ಟನ್ನಿನ ಸರ್ಕಾರವಲ್ಲ, ಆಯಾ ರಾಜ್ಯಗಳು. ಅದೂ ಮುಖ್ಯವಾಗಿ ಶಾಲೆಗೆ ಸೇರುವಾಗ. ಮಗುವಿಗೆ ಲಸಿಕೆ ಹಾಕಿಸಿದಿರಾ ಎಂದು ಯಾರೂ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ. ದಾಖಲಾತಿಗೆ ಹೋದಾಗ ದಾಖಲೆ ತೋರಿಸಿ ಎನ್ನುತ್ತಾರೆ, ಅಷ್ಟೇ.

ರಾಜ್ಯಗಳಿಗೆ ಈ ಅಧಿಕಾರ ಉಂಟು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1905ರಲ್ಲೇ ತೀರ್ಪು ಕೊಟ್ಟಿದೆ. ಮ್ಯಾಸಚೂಸೆಟ್ಸ್‌ನಲ್ಲಿ ಸಿಡುಬು ಹಬ್ಬಿದ್ದಾಗ ಲಸಿಕೆ ಬೇಡವೆಂದ ಜೇಕಬ್ಸನ್ ಎಂಬ ಪಾದ್ರಿಗೆ 5 ಡಾಲರ್ ದಂಡ ಬಿತ್ತು. ಆತ ಕೊನೆಯ ಕೋರ್ಟಿನವರೆಗೂ ಹೋಗಿ ಸೋತ. ಕೋವಿಡ್ ಕಾಲದಲ್ಲೂ ವಕೀಲರು ಆ 5 ಡಾಲರಿನ ಕೇಸನ್ನೇ ಎಳೆದಾಡಿದರು.

ತೊಡಕಿರುವುದು ವಿನಾಯಿತಿಯಲ್ಲಿ. ವೈದ್ಯಕೀಯ ಕಾರಣಕ್ಕೆ ಎಲ್ಲ ಕಡೆಯೂ ವಿನಾಯಿತಿ ಇದೆ, ಅದು ಇರಲೇಬೇಕು. ಧರ್ಮದ ಹೆಸರಿನಲ್ಲಿ ಹೆಚ್ಚಿನ ರಾಜ್ಯಗಳು ಬಿಟ್ಟುಕೊಡುತ್ತವೆ. ಟೆಕ್ಸಾಸ್‌ನಂಥ ರಾಜ್ಯದಲ್ಲಿ 'ಇದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ' ಎಂದು ಅರ್ಜಿ ಕೊಟ್ಟರೂ ಸಾಕು. ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಇತ್ತು. 2014ರ ಕೊನೆಗೆ ಡಿಸ್ನಿಲ್ಯಾಂಡಿನಿಂದ ದಡಾರ ಹರಡಿದ ಮೇಲೆ ಮರುವರ್ಷವೇ ಕಾನೂನು ಬಿಗಿ ಮಾಡಿದರು. ನ್ಯೂಯಾರ್ಕ್ 2019ರಲ್ಲಿ ದೊಡ್ಡ ಏಟು ತಿಂದ ಮೇಲೆ ಧಾರ್ಮಿಕ ವಿನಾಯಿತಿ ತೆಗೆದುಹಾಕಿತು.

ಈಗ ದಡಾರದ ಲೆಕ್ಕ. ಇಷ್ಟು ಬೇಗ ಅಂಟುವ ರೋಗ ಇನ್ನೊಂದು ಸಿಗುವುದು ಕಷ್ಟ. ರೋಗಿ ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಉಳಿಯಬಲ್ಲದು. ಹಬ್ಬದಂತೆ ತಡೆಯಬೇಕಾದರೆ ನೂರಕ್ಕೆ 95 ಮಂದಿಗಾದರೂ ಲಸಿಕೆ ಆಗಿರಬೇಕು. 2019-20ರಲ್ಲಿ ಅಮೆರಿಕದ ಕಿಂಡರ್‌ಗಾರ್ಟನ್ ಮಕ್ಕಳ ಸರಾಸರಿ ಹೆಚ್ಚುಕಡಿಮೆ ಅಷ್ಟೇ ಇತ್ತು. 2024-25ಕ್ಕೆ 92.5ಕ್ಕೆ ಇಳಿಯಿತು. ಎರಡೂವರೆ ಅಂಕ ತಾನೇ ಅನ್ನಿಸಬಹುದು. ಆದರೆ ಸರಾಸರಿಯನ್ನು ನಂಬಬೇಡಿ. ಲಸಿಕೆ ಬೇಡ ಅನ್ನುವವರು ದೇಶದ ತುಂಬ ಸಮನಾಗಿ ಹರಡಿಕೊಂಡಿಲ್ಲ; ಒಂದೇ ಊರು, ಒಂದೇ ಚರ್ಚು, ಒಂದೇ ಶಾಲೆಯಲ್ಲಿ ಗುಂಪಾಗಿರುತ್ತಾರೆ. ಪಶ್ಚಿಮ ಟೆಕ್ಸಾಸ್‌ನ ಗೇನ್ಸ್ ಕೌಂಟಿಯಲ್ಲಿ ನೂರಕ್ಕೆ ಸುಮಾರು 18 ಕಿಂಡರ್‌ಗಾರ್ಟನ್ ಮಕ್ಕಳು ವಿನಾಯಿತಿ ಪಡೆದಿದ್ದರು. ಅಲ್ಲಿನ ಮೆನೊನೈಟ್ ಕ್ರೈಸ್ತ ಸಮುದಾಯದ ಎಷ್ಟೋ ಮಕ್ಕಳು ಮನೆಯಲ್ಲೇ ಓದುವುದರಿಂದ ಈ ಲೆಕ್ಕಕ್ಕೂ ಸಿಗುವುದಿಲ್ಲ. ಅವರ ಧರ್ಮವೇನೂ ಲಸಿಕೆಯನ್ನು ನಿಷೇಧಿಸಿಲ್ಲ ಎಂಬುದನ್ನೂ ಹೇಳಬೇಕು. 2025ರ ಜನವರಿಯಲ್ಲಿ ಅಲ್ಲಿ ಹೊತ್ತಿಕೊಂಡದ್ದು ಆಗಸ್ಟ್ ಹೊತ್ತಿಗೆ ಟೆಕ್ಸಾಸ್ ಒಂದರಲ್ಲೇ 762 ಮಂದಿಗೆ ತಗುಲಿತ್ತು. ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ.

2000ದ ಘೋಷಣೆ ಸುಳ್ಳಾಗಿರಲಿಲ್ಲ. ಒಂದೇ ಸೋಂಕಿನ ಸರಪಳಿ ದೇಶದೊಳಗೆ 12 ತಿಂಗಳು ಸತತವಾಗಿ ಹರಿದಿಲ್ಲ ಎಂಬುದಷ್ಟೇ ಅದರ ಅರ್ಥ. ಹೊರಗಿನಿಂದ ರೋಗ ಆಗಲೂ ಬರುತ್ತಿತ್ತು. ಬಂದದ್ದು ಹಬ್ಬಲು ಜಾಗ ಸಿಗುತ್ತಿರಲಿಲ್ಲ. ಪಕ್ಕದ ಕೆನಡಾ 2025ರ ನವೆಂಬರ್‌ನಲ್ಲಿ ಆ ಪಟ್ಟವನ್ನು ಕಳೆದುಕೊಂಡಿತು.

ಹಾಗಾದರೆ ಕೇಂದ್ರದ ಪಾತ್ರವೇ ಇಲ್ಲವೇ? ಇದೆ: ಯಾವ ಲಸಿಕೆ, ಯಾವಾಗ ಎಂಬ ಶಿಫಾರಸು ಅಲ್ಲಿಂದಲೇ. ವಿಮೆ ಕಂಪನಿಗಳು ಹಣ ಕೊಡುವುದು, ಬಡ ಮಕ್ಕಳಿಗೆ ಉಚಿತವಾಗಿ ಸಿಗುವುದು ಅದರ ಮೇಲೆ ನಿಂತಿದೆ. ಆ ಶಿಫಾರಸು ಮಾಡುವ ತಜ್ಞರ ಸಮಿತಿಯ 17 ಸದಸ್ಯರನ್ನೂ ಆರೋಗ್ಯ ಸಚಿವ ರಾಬರ್ಟ್ ಕೆನಡಿ ಜೂನಿಯರ್ 2025ರ ಜೂನ್‌ನಲ್ಲಿ ಒಟ್ಟಿಗೇ ಕಿತ್ತುಹಾಕಿದರು. ಲಸಿಕೆಗಳ ಬಗ್ಗೆ ವರ್ಷಗಟ್ಟಲೆ ಅನುಮಾನ ಬಿತ್ತಿದವರೇ ಆ ಕುರ್ಚಿಯಲ್ಲಿ ಕೂತಾಗ, ಕಾನೂನು ಬದಲಾಗದೆಯೂ ಜನರ ಮನಸ್ಸು ಬದಲಾಗುತ್ತದೆ. ನನಗೆ ಹೆಚ್ಚು ಕಳವಳ ತರುವುದು ಅದೇ.

ಅಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಎರಡು ವಿಷಯ ಗಮನಿಸಿ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ದಡಾರ-ರುಬೆಲ್ಲಾ ಲಸಿಕೆ. ಅದರಲ್ಲಿ ಮಂಗನಬಾವಿನದು ಇರುವುದಿಲ್ಲ. ಅಲ್ಲಿನ ಶಾಲೆಗಳು ಸಾಮಾನ್ಯವಾಗಿ ಮೂರೂ ಸೇರಿದ ಎಂಎಂಆರ್ ಕೇಳುತ್ತವೆ, ಒಂದು ವರ್ಷ ತುಂಬುವ ಮೊದಲು ಹಾಕಿಸಿದ್ದನ್ನು ಎಣಿಸುವುದಿಲ್ಲ. ಇನ್ನು 6ರಿಂದ 11 ತಿಂಗಳ ಕೂಸನ್ನು ಎತ್ತಿಕೊಂಡು ಊರಿಗೆ ಬರುವವರು ಹೊರಡುವ ಮುಂಚೆ ಒಂದು ಡೋಸ್ ಹೆಚ್ಚಿಗೆ ಹಾಕಿಸಬೇಕೆಂಬ ಸಲಹೆ ಅಲ್ಲಿದೆ. ಮಾಮೂಲಿನ ಎರಡು ಡೋಸ್ ಆಮೇಲೆ ಹೇಗಿದ್ದರೂ ಬೇಕು. ಟಿಕೆಟ್ ಮಾಡುವಾಗಲೇ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ. ಲಸಿಕೆ ಹಿಡಿಯಲು ಎರಡು ವಾರ ಬೇಕು.